ಬೀಗ ಹಾಕಿಕೊಳ್ಳಿ ತಂಗೀ

ಹೆಣ್ಣುಮಕ್ಕಳ ಸೈಬರ್ ಸುರಕ್ಷತೆಯ ಅರಿವು ಕಾರ್ಯಕ್ರಮಕ್ಕೆ ಕಾಲೇಜೊಂದು ನನ್ನನ್ನು ಅತಿಥಿಯಾಗಿ ಕರೆದಿತ್ತು. ಸಭಾಂಗಣದ ತುಂಬ ಹುಡುಗಿಯರು. ಹುಡುಗರೆಲ್ಲಿ ಎಂದು ಕೇಳಿದೆ. ‘ಅವರಿಗೂ ಇದಕ್ಕೂ ಏನು ಸಂಬಂಧ ಸಾರ್? ಕುರ್ಚಿ ಹೊರಲು ನಾಲ್ವರನ್ನು ಉಳಿಸಿಕೊಂಡು ಮಿಕ್ಕವರನ್ನು ಮೈದಾನಕ್ಕೆ ಬಿಟ್ಟಿದ್ದೇವೆ’ ಎಂದರು ಪ್ರಾಂಶುಪಾಲರು. ಸೊಳ್ಳೆ ಕಾಟವೆಂದು ಊರಿಗೆಲ್ಲ ಪರದೆ ಹಂಚಿ, ಚರಂಡಿಯನ್ನು ಆಡಿಕೊಂಡು ಬಾ ಎಂದು ಕಳಿಸಿದ ಹಾಗಾಯಿತು.

ಸಂಪನ್ಮೂಲ ವ್ಯಕ್ತಿ ಮೈಕ್ ಹಿಡಿದರು. ಪ್ರೊಫೈಲ್‌ಗೆ ಬೀಗ ಹಾಕಿಕೊಳ್ಳಿ. ಫೋಟೊ ಹಾಕಬೇಡಿ. ಹಾಕಿದರೆ ಕಮೆಂಟ್ ಮುಚ್ಚಿ. ರಾತ್ರಿ ಹತ್ತರ ಮೇಲೆ ಆನ್‌ಲೈನ್ ಕಾಣಿಸಿಕೊಳ್ಳಬೇಡಿ. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಖಾತೆಯೇ ಇಲ್ಲದಿದ್ದರೆ ಸಾರ್?’ ಎಂದಳು. ‘ಬಂಗಾರದಂಥ ಮಾತು ತಾಯಿ!’ ಎಂದು ಅವರು ಚಪ್ಪಾಳೆ ಹೊಡೆಸಿದರು.

ನನಗೆ ನಮ್ಮ ಮೆಟ್ರೊ ನೆನಪಾಯಿತು. 2025ರ ಮೇನಲ್ಲಿ ಅಲ್ಲಿ ಪ್ರಯಾಣಿಸುವ ಹೆಂಗಸರನ್ನು ಕದ್ದು ಚಿತ್ರೀಕರಿಸಿ ಇನ್‌ಸ್ಟಾಗ್ರಾಮ್‌ಗೆ ಏರಿಸುತ್ತಿದ್ದ ಖಾತೆಯೊಂದು ಬಯಲಾಯಿತು. ಅದಕ್ಕೆ ಹಿಂಬಾಲಕರು ಐದು ಸಾವಿರಕ್ಕೂ ಹೆಚ್ಚು. ಪೊಲೀಸರು ಬಂಧಿಸಿದ್ದು 27 ವರ್ಷದ ಒಬ್ಬನನ್ನು. ಮಿಕ್ಕ ಐದು ಸಾವಿರ ಮಂದಿ ಎಂದಿನಂತೆ ಆಫೀಸಿಗೆ ಹೋದರು. ಆ ಹೆಂಗಸರು ಫೋಟೊ ಹಾಕಿರಲಿಲ್ಲ, ಕಮೆಂಟ್ ತೆರೆದಿಟ್ಟಿರಲಿಲ್ಲ, ರೈಲಿನಲ್ಲಿ ಕುಳಿತಿದ್ದರು, ಅಷ್ಟೇ. ಯಾವುದಕ್ಕೆ ಬೀಗ ಹಾಕಬೇಕಿತ್ತು, ಬೋಗಿಗೋ?

ಅದೇ ವರ್ಷದ ಜುಲೈನಲ್ಲಿ ನಟಿ ರಮ್ಯಾ ತಮಗೆ ಬಂದ ಅಶ್ಲೀಲ ಸಂದೇಶಗಳ ಸಂಬಂಧ 43 ಖಾತೆಗಳ ಮೇಲೆ ದೂರು ಕೊಟ್ಟರು. ಮಾಜಿ ಸಂಸದೆಯನ್ನೇ ಬಿಡದವರು ಎರಡನೇ ಬಿ.ಕಾಂ. ಹುಡುಗಿಯನ್ನು ಬಿಟ್ಟಾರೆಯೇ? ಇಂಥ ಗಂಡಸ್ತನದ ಮೀಸೆ ಮೊಬೈಲಿನ ಒಳಗಷ್ಟೇ ಬೆಳೆಯುತ್ತದೆ. ಡಿ.ಪಿ.ಯಲ್ಲಿ ಸಿಂಹ, ಆಂಜನೇಯ ಅಥವಾ ನೆಚ್ಚಿನ ನಟ. ಸ್ವಂತ ಮುಖವೊಂದು ಬಿಟ್ಟು ಏನು ಬೇಕಾದರೂ. ಕೆಳಗೆ ‘ತಾಯಿಯೇ ದೇವರು’ ಎಂಬ ಸಾಲು. ಠಾಣೆಯಿಂದ ಕರೆ ಬಂದ ಕೂಡಲೇ ಸಿಂಹ ಬಾಲ ಮುದುರಿಕೊಂಡು, ‘ಮೊಬೈಲ್ ಗೆಳೆಯನ ಕೈಯಲ್ಲಿತ್ತು ಸಾರ್, ಮನೆಯಲ್ಲಿ ತಂಗಿ ಇದ್ದಾಳೆ’ ಎನ್ನುತ್ತದೆ. ಪಾಪ, ಆ ತಂಗಿಯ ಖಾತೆಗೂ ಬೀಗ ಹಾಕಿಸಿದವನು ಅವನೇ ಇರಬೇಕು.

ಕೊನೆಗೆ ವೀರವನಿತೆ ಓಬವ್ವಳ ರೂಪಕ. ಹುಡುಗಿಯರು ರಟ್ಟಿನ ಒನಕೆ ಬೀಸಿದರು, ಕಿಂಡಿಯಿಂದ ತಲೆ ಹಾಕುವ ಶತ್ರುಗಳ ಪಾತ್ರಕ್ಕೆ ಕುರ್ಚಿ ಹೊತ್ತ ಹುಡುಗರೇ ಒದಗಿದರು. ಓಬವ್ವಳ ಕಾಲ ವಾಸಿ ಎನಿಸಿತು. ಅಷ್ಟು ಹೊತ್ತಿನಲ್ಲಿ ಒಬ್ಬಳೇ ನೀರಿಗೆ ಯಾಕೆ ಹೋದೆ ಎಂದು ಆಕೆಯನ್ನು ಚಿತ್ರದುರ್ಗದಲ್ಲಿ ಯಾರೂ ಕೇಳಿದಂತಿಲ್ಲ.

ಶಾಲು, ಹಣ್ಣಿನ ಬುಟ್ಟಿ ಹೊತ್ತು ಮನೆಗೆ ಬಂದೆ. ಸಂಜೆ ಕಾಲೇಜಿನ ಪುಟದಲ್ಲಿ ಕಾರ್ಯಕ್ರಮದ ಫೋಟೊಗಳು ಬಂದವು. ಮೊದಲ ಕಮೆಂಟ್ ಆಂಜನೇಯನ ಡಿ.ಪಿ.ಯದು: ‘ಒನಕೆ ಹಿಡಿದ ಹಸಿರು ಚೂಡಿದಾರದವಳ ನಂಬರ್ ಯಾರ ಹತ್ತಿರ ಇದೆ?’ ಕೆಳಗೆ ಹದಿನೇಳು ನಗುವ ಮುಖಗಳು. ಪ್ರಾಂಶುಪಾಲರಿಗೆ ಫೋನ್ ಮಾಡಿದೆ. ಅವರು ಗಾಬರಿಯಾಗಿ ತಕ್ಷಣವೇ ಕ್ರಮ ಕೈಗೊಂಡರು. ಮರುದಿನ ಬೆಳಿಗ್ಗೆ ಆ ಹುಡುಗಿಯನ್ನು ಕರೆಸಿ, ಇನ್ನು ಮುಂದೆ ಹಸಿರು ಚೂಡಿದಾರ ಹಾಕಿಕೊಂಡು ಬರಬೇಡ ಎಂದರಂತೆ.