ಜನಮೆಚ್ಚಿದ ಸೊಸೆ

ಟಿವಿಯವರ ಪ್ರಶಸ್ತಿಗಳಿಗೂ ಕೊಡಗಿನ ಮಳೆಗೂ ಏನೋ ಹಳೇ ಜಗಳ ಇರಬೇಕು. ನಮ್ಮ ಚಾನೆಲ್‌ಗಳ ಸಮಾರಂಭದಲ್ಲಿ ಕುಣಿತ, ಕಾಮಿಡಿ, ಜಾಹೀರಾತು ಎಲ್ಲ ಸರಾಗವಾಗಿ ಬರುತ್ತವೆ. 'ಜನಮೆಚ್ಚಿದ ಸೊಸೆ' ಅಂತ ಲಕೋಟೆ ಬಿಚ್ಚುವ ಹೊತ್ತಿಗೆ ಪುಷ್ಪಗಿರಿ ಕಡೆಯ ಮೋಡವೆಲ್ಲ ನಮ್ಮ ಡಿಶ್ ಮೇಲೆ ಬಂದು ನಿಲ್ಲುತ್ತದೆ. ಸಿಗ್ನಲ್ ಢಮಾರ್. ಅತ್ತೆ ನನ್ನ ಮುಖ ನೋಡುತ್ತಾರೆ, ಲಕೋಟೆ ನಾನೇ ಬಚ್ಚಿಟ್ಟ ಹಾಗೆ.

ಇದರ ಮಧ್ಯೆ ನನಗೆ ಅಮೆರಿಕದ ಟಿವಿಯವರ ಎಮ್ಮಿ ಪ್ರಶಸ್ತಿ ಲೈವ್ ನೋಡುವ ಹುಚ್ಚು ಹತ್ತಿತು. ಸೆಪ್ಟೆಂಬರ್ ತಿಂಗಳು. ಅಮೆರಿಕದಲ್ಲಿ ರಾತ್ರಿ ಶುರುವಾದರೆ ನಮಗೆ ಬೆಳಗಿನ ಜಾವ ಐದೂವರೆ. ಹಿಂದಿನ ಸಂಜೆಯೇ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದು ಕರೆಂಟ್ ಹೋಗಿತ್ತು. ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ಕಾಫಿ ಕಣದ ಮೂಲೆಯಲ್ಲಿ ಮಾತ್ರ.

ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲ್. ವಿಡಿಯೊ ಒಂದು ಚಿನ್ನದ ಬಣ್ಣದ ಹೆಂಗಸಿನ ಮೇಲೆ ನಿಂತುಬಿಟ್ಟಿತು. ಬೆನ್ನಿಗೆ ರೆಕ್ಕೆ, ಕೈಯಲ್ಲಿ ಪರಮಾಣು. ಅದೇ ಎಮ್ಮಿ. ಅಷ್ಟರಲ್ಲಿ ಕಾಲಿನ ಬೆರಳ ಸಂದಿಯಲ್ಲಿ ತಣ್ಣಗೆ ಏನೋ ಹರಿದಾಡಿತು. ಜಿಗಣೆ! ಬಗ್ಗಿದರೆ ಇರುವ ಒಂದು ಕಡ್ಡಿ ನೆಟ್‌ವರ್ಕೂ ಹೋಗುತ್ತದೆ. ಕುಡಿಯಲಿ ಅಂತ ಬಿಟ್ಟೆ. ಅದು ನಿಧಾನವಾಗಿ ದ್ರಾಕ್ಷಿ ಗಾತ್ರಕ್ಕೆ ಬಂತು. ವಿಡಿಯೊ ಮಾತ್ರ ಅಲ್ಲೇ.

ಅತ್ತೆ ಉಪ್ಪಿನ ಡಬ್ಬಿ ಹಿಡಿದು ಬಂದರು. "ಯಾವ ದೇವರು ಮಾರಾಯ್ತಿ ಇದು?"

ಹೇಳಿದೆ. 1949ರಲ್ಲಿ ಶುರುವಾದದ್ದು, ಮೊದಲ ಎಮ್ಮಿ ಹೋದದ್ದು ಗೊಂಬೆ ಮಾತಾಡಿಸುತ್ತಿದ್ದ ಶರ್ಲಿ ಡಿನ್ಸ್‌ಡೇಲ್‌ಗೆ.

"ಗೊಂಬೆಗೆ ಏನೂ ಕೊಡ್ಲಿಲ್ವಾ?"

ಧಾರಾವಾಹಿ ಅಂದರೆ ಅತ್ತೆಗೆ ಆಸಕ್ತಿ ಜಾಸ್ತಿ. ಹಾಗಾಗಿ ಅಲ್ಲಿನ ನಟಿ ಸೂಸನ್ ಲೂಚಿ ಕಥೆಯನ್ನೂ ಹೇಳಿದೆ. ಒಂದೇ ಧಾರಾವಾಹಿಯಲ್ಲಿ ಒಂದೇ ಪಾತ್ರ. ಹಗಲಿನ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿಗೆ ಹೆಸರು ಬಂದೂ ಬಂದೂ 18 ಸಲ ಸೋತರು. ಕೊನೆಗೆ 1999ರಲ್ಲಿ ಗೆದ್ದರು.

ಅತ್ತೆ ಜಿಗಣೆಗೆ ಉಪ್ಪು ಹಾಕುತ್ತಾ ಯೋಚಿಸಿದರು. "ಮೊದಲ್ನೇ ಸಲವೇ ಕೊಟ್ಟಿದ್ರೆ ಸಿನಿಮಾಕ್ಕೆ ಹೋಗಿಬಿಡ್ತಿದ್ಳು. ಬುದ್ಧಿವಂತರು." ನನಗೆ ತಿಳಿದಂತೆ ಯಾವ ವಿಮರ್ಶಕರೂ ಇಷ್ಟು ದೂರ ಯೋಚಿಸಿಲ್ಲ.

"ಅಲ್ಲಿ ಸೊಸೆಗೆ ಯಾವ ಪ್ರಶಸ್ತಿ?"

"ಸೊಸೆಗೆ ಅಂತ ಇಲ್ಲ ಅತ್ತೆ. ನಟಿ, ಪೋಷಕ ನಟಿ, ಅಷ್ಟೇ."

ಅತ್ತೆ ನಂಬಲಿಲ್ಲ. ಕರೆಂಟ್ ಬಂದಾಗ ಒಂಬತ್ತು ಗಂಟೆ, ಸಮಾರಂಭ ಮುಗಿದಿತ್ತು. ನಾನು ಅಕ್ಕಿ ರೊಟ್ಟಿ ತಟ್ಟುತ್ತಿದ್ದೆ. ಅತ್ತೆ ವಿರಾಜಪೇಟೆಯ ತಂಗಿಗೆ ಫೋನ್ ಹಚ್ಚಿದ್ದರು: "ಅಮೆರಿಕದಲ್ಲಿ ಸೊಸೆಯಂದಿರಿಗೆ ಮರ್ಯಾದೆಯೇ ಇಲ್ವಂತೆ ಕಣೇ!"