ನಮ್ಮ ಜಗುಲಿಯ ಇಫ್ ಮೇಷ್ಟ್ರು

ನಿನ್ನೆ ಮಗಳ ಇಂಗ್ಲಿಷ್ ಟೆಸ್ಟ್ ಪೇಪರ್ ಮನೆಗೆ ಬಂತು. 'ಇಫ್ ಇಟ್ ವಿಲ್ ರೇನ್ ಟುಮಾರೋ' ಅಂತ ಬರೆದಿದ್ದಳು. 'ವಿಲ್' ಮೇಲೆ ಕೆಂಪು ಗೀಟು, ಮಾರ್ಕ್ಸ್ ಕಟ್. "ಮಳೆ ಬರೋದು ನಾಳೆ ತಾನೇ? 'ವಿಲ್' ಹಾಕದೆ ಇನ್ನೇನು ಹಾಕ್ಬೇಕಿತ್ತು?" ಅಂತ ಕೂಗಾಡಿದಳು. ನ್ಯಾಯವಾದ ಪ್ರಶ್ನೆಯೇ. ಆದರೆ ಜಗುಲಿಯಲ್ಲಿ ಮೇಷ್ಟ್ರು ಕೂತಿದ್ದಾಗ ಕೇಳಬಾರದಿತ್ತು.

ಮೇಷ್ಟ್ರು ಪಕ್ಕದ ಮನೆಯವರು, ರಿಟೈರ್ಡ್ ಇಂಗ್ಲಿಷ್ ಮೇಷ್ಟ್ರು. ಬೆಳಿಗ್ಗೆ ನಮ್ಮ ಹಾಸನದ ಮಹಾರಾಜಾ ಪಾರ್ಕಲ್ಲಿ ವಾಕಿಂಗ್ ಮುಗಿಸಿ ನೇರ ನಮ್ಮ ಜಗುಲಿಗೆ ಬರುತ್ತಾರೆ. ನಮ್ಮ ಪೇಪರ್, ನಮ್ಮ ಕಾಫಿ, ಅವರ ಗ್ರಾಮರ್.

"ಇಫ್ ಇರೋ ಕಡೆ ವಿಲ್ ಬರಲ್ಲ ಮಗು. ಇಫ್ ಇಟ್ ರೇನ್ಸ್, ಐ ವಿಲ್ ಸ್ಟೇ ಅಟ್ ಹೋಮ್. ಇದು ಫಸ್ಟ್ ಕಂಡೀಷನಲ್, ಅಂದ್ರೆ ಷರತ್ತಿನ ವಾಕ್ಯದಲ್ಲಿ ಒಂದು ಬಗೆ" ಅಂದರು. ನಾಳೆಯ ಮಾತಿಗೆ ವರ್ತಮಾನ ಹಾಕೋದು ಯಾವ ಸೀಮೆ ಭಾಷೆ ಸಾರ್ ಅಂತ ನಾನು ಬಾಯಿ ಹಾಕಿದೆ. "ನೀನು 'ನಾಳೆ ಮಳೆ ಬಂದರೆ' ಅಂತೀಯಲ್ಲ, ಆ 'ಬಂದ' ಯಾವ ಕಾಲದ್ದಪ್ಪ?" ಅಂದರು. ಬಾಯಿ ಮುಚ್ಚಿಕೊಂಡೆ.

ಆಮೇಲೆ ಸೆಕೆಂಡ್ ಶುರುವಾಯಿತು. ಇಫ್ ಐ ಹ್ಯಾಡ್ ಮನಿ, ಐ ವುಡ್ ಬೈ ಅ ಕಾರ್. "ಇಲ್ಲಿ ಹ್ಯಾಡ್ ಅನ್ನೋದು ಬರೀ ಭೂತಕಾಲದ ವೇಷ. ಹಿಂದೆ ದುಡ್ಡಿತ್ತು ಅಂತಲ್ಲ, ಈಗ ಇಲ್ಲ ಅಂತ." ಹಿಂದೆಯೂ ಇರಲಿಲ್ಲ ಸಾರ್, ಅಂದೆ. ಅವರಿಗೆ ಕೇಳಿಸಲಿಲ್ಲ.

ಪಾಠವಾದರೂ ಸಹಿಸಬಹುದು. ಯಾರು ಏನೇ ಗೋಳು ಹೇಳಿಕೊಂಡರೂ ಅದು ಎಷ್ಟನೇ ಕಂಡೀಷನಲ್ ಅಂತ ಹಣೆಪಟ್ಟಿ ಅಂಟಿಸುತ್ತಾರಲ್ಲ, ಆ ಚಟ ಮಾತ್ರ ಸಹಿಸಲಾಗದು. ಮಳೆ ಬಂದರೆ ಕರೆಂಟ್ ಹೋಗುತ್ತೆ ಅಂತ ನಾನು ಗೊಣಗಿದರೆ, "ಝೀರೋ ಕಂಡೀಷನಲ್! ನೀರು 100 ಡಿಗ್ರಿಗೆ ಕುದಿಯುತ್ತೆ ಅನ್ನೋ ಹಾಗೆ ಸಾರ್ವಕಾಲಿಕ ಸತ್ಯ" ಅನ್ನುತ್ತಾರೆ. ಹಾಸನ ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿಗೇ ಕುದಿಯುತ್ತದೆ. ನಮ್ಮ ಕರೆಂಟಿಗೆ ಮಾತ್ರ ಅಷ್ಟೂ ವಿನಾಯಿತಿಯಿಲ್ಲ.

ಇದೆಲ್ಲ ನಡೆಯುವಾಗ ನನ್ನ ಹೆಂಡತಿ ಕಾಫಿ ತಂದಳು. ಗ್ಯಾಸ್ ಬುಕ್ ಮಾಡೋದು ಮರೆತಿದ್ದಕ್ಕೆ ನನ್ನ ಮೇಲೆ ಮೊದಲೇ ಸಿಟ್ಟಿತ್ತು. "ಇವರನ್ನ ಕಟ್ಕೊಳ್ದೆ ಇದ್ದಿದ್ರೆ ಇವತ್ತು ಬೆಂಗಳೂರಲ್ಲಿ ಆರಾಮಾಗಿ ಇರ್ತಿದ್ದೆ ಮೇಷ್ಟ್ರೇ" ಅಂದಳು.

ಮೇಷ್ಟ್ರು ಪೇಪರ್ ಕೆಳಗಿಟ್ಟರು. ನನ್ನ ಪರ ಒಂದು ಮಾತು ಆಡುತ್ತಾರೆ ಅಂದುಕೊಂಡೆ. "ಇನ್ನೊಂದ್ಸಲ ಹೇಳಮ್ಮ" ಅಂದರು. ಅವಳಿಗೂ ಅದೇ ಬೇಕಿತ್ತು. ಎದುರುಮನೆಗೂ ಕೇಳಿಸುವ ಹಾಗೆ, 'ಸ್ವಂತ ಫ್ಲ್ಯಾಟಲ್ಲಿ' ಅಂತ ಸೇರಿಸಿ ಹೇಳಿದಳು.

"ಕೇಳಿದ್ಯಾ ಮಗು? ಷರತ್ತು ಹಿಂದಿನದು, ಫಲ ಇವತ್ತಿನದು. ಮಿಕ್ಸೆಡ್ ಕಂಡೀಷನಲ್! ಇಂಥ ಉದಾಹರಣೆ ಯಾವ ಪುಸ್ತಕದಲ್ಲಿದೆ? ಬರ್ಕೋ."

ಮಗಳು ಬರೆದೇಬಿಟ್ಟಳು: 'ಇಫ್ ಮೈ ಮದರ್ ಹ್ಯಾಡ್ ನಾಟ್ ಮ್ಯಾರೀಡ್ ಮೈ ಫಾದರ್, ಶಿ ವುಡ್ ಬಿ ಇನ್ ಬೆಂಗಳೂರು ನೌ.' ಮೇಷ್ಟ್ರು ಕೆಂಪು ಪೆನ್ನು ತೆಗೆದು ರೈಟ್ ಹಾಕಿದರು. ನಮ್ಮ ದಾಂಪತ್ಯಕ್ಕೆ ಅಧಿಕೃತವಾಗಿ ಬಿದ್ದ ಮೊದಲ ಟಿಕ್ ಮಾರ್ಕು.

ಮಗಳಿಗೆ ಏನೋ ಹೊಳೆಯಿತು. "ಹಂಗಾದ್ರೆ ನಾನು ಇರ್ತಾನೇ ಇರ್ಲಿಲ್ವಾ ತಾತ?"

"ಅದೂ ಮಿಕ್ಸೆಡ್ಡೇ. ಬರ್ಕೋ."

ಅಷ್ಟರಲ್ಲಿ ಆಲೂರು ಕಡೆಯಿಂದ ಚಿಕ್ಕಪ್ಪ ಬಂದರು. ಜಲಂಧರದ ಬಿತ್ತನೆ ಗೆಡ್ಡೆಗೆ ದುಡ್ಡು ಸುರಿದು ಆಲೂಗಡ್ಡೆ ಹಾಕಿದ್ದರು. ಮೋಡ, ಸೋನೆ, ಥಂಡಿ ಬಿಡದೆ ಹಿಡಿದು ಬೆಳೆಗೆ ಅಂಗಮಾರಿ ರೋಗ ಬಂದಿತ್ತು. "ಮಳೆ ನಾಲ್ಕು ದಿನ ಬಿಡುವು ಕೊಟ್ಟಿದ್ದಿದ್ರೆ ಬೆಳೆ ಉಳ್ಕೊಂಡಿರೋದು ಕಣಪ್ಪ" ಅಂದರು. ಅಪ್ಪಟ ಥರ್ಡ್ ಕಂಡೀಷನಲ್. ಮುಗಿದುಹೋಗಿದ್ದು, ಇನ್ನು ತಿದ್ದಲಾಗದ್ದು. ನಾನು ಮೇಷ್ಟ್ರ ಮುಖ ನೋಡಿದೆ. "ಔಷಧಿ ಹೊಡೆಸಿದ್ರಾ?" ಅಂತಷ್ಟೇ ಕೇಳಿ, ತಮ್ಮ ಕಾಫಿ ಲೋಟವನ್ನು ಚಿಕ್ಕಪ್ಪನ ಕಡೆ ಸರಿಸಿದರು.

ಆ ಒಂದು ಗಳಿಗೆಗೆ ಎಲ್ಲ ಕ್ಷಮಿಸಿದ್ದೆ. ಆದರೆ ಅಂಟುರೋಗ ಆಗಲೇ ನನಗೂ ತಗುಲಿತ್ತು. ಆಫೀಸಿಗೆ ಹೊರಟು ಬಸ್ ಹತ್ತಿ 500ರ ನೋಟು ಚಾಚಿದೆ. "ಚಿಲ್ಲರೆ ಕೊಟ್ರೆ ಟಿಕೆಟ್ ಕೊಡ್ತೀನಿ" ಅಂದ ಕಂಡಕ್ಟರ್. ನನಗೇ ಗೊತ್ತಿಲ್ಲದೆ "ಫಸ್ಟ್" ಅಂದುಬಿಟ್ಟೆ.

"ಫಸ್ಟೂ ಇಲ್ಲ, ಸೆಕೆಂಡೂ ಇಲ್ಲ ಸ್ವಾಮಿ. ಕೆಂಪು ಬಸ್ಸಲ್ಲಿ ಎಲ್ಲಾ ಒಂದೇ ಕ್ಲಾಸು. ಚಿಲ್ಲರೆ ತೆಗೀರಿ."