ಲಕ್ಷಾ ಮೂವತ್ತು ಸಾವಿರದ ಫೋನು, ವಿಜಯಪುರದ ಬ್ಯಾಸಗಿ

ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್25 ಅಲ್ಟ್ರಾದ ಸೂಚನೆಯೊಳಗ ಯಾರೂ ಓದದ ಒಂದು ಸಾಲು ಐತಿ: 0ರಿಂದ 35 ಡಿಗ್ರಿ ಉಷ್ಣತೆಯೊಳಗ ಬಳಸ್ರಿ ಅಂತ. ಏಪ್ರಿಲ್-ಮೇದಾಗ ವಿಜಯಪುರದ ನೆರಳಾಗನ 40 ದಾಟ್ತೈತಿ. ಅಂದ್ರ ಬ್ಯಾಸಗಿ ಮಧ್ಯಾಹ್ನ ಪೂರ್ತಿ ಈ ಫೋನು ಕಂಪನಿ ಎಳೆದ ಗೆರಿ ಆಚೆನ ಇರ್ತೈತಿ. 2025ರ ಜನವರಿ 22ಕ್ಕ ಬಿಡುಗಡೆ ಆದಾಗಿಂದ 200 ಮೆಗಾಪಿಕ್ಸೆಲ್, ಟೈಟಾನಿಯಂ, ಎಐ ಅಂತ ಭಾಳ ಮಾತಾಗ್ಯಾವ. ನಮ್ಮ ಕಡೆಯವರು ಇದನ್ನ ಅಳೀಬೇಕಾದ್ದು ಮಾತ್ರ ಈ 35ರ ಗೆರಿಯಿಂದ.

ಒಳಗಿನ ಚಿಪ್ಪು ಸ್ನ್ಯಾಪ್‌ಡ್ರಾಗನ್ 8 ಎಲೀಟ್. ಅದರ ಮ್ಯಾಲ ಶಾಖ ಹರಡೋ ವೇಪರ್ ಚೇಂಬರ್ ಹಿಂದಿನ ಮಾಡೆಲ್‌ಗಿಂತ ಶೇ. 40ರಷ್ಟು ದೊಡ್ಡದು ಮಾಡ್ಯಾರ. ಇದು ಖರೇ ಸುಧಾರಣೆ. ಆದ್ರ ವೇಪರ್ ಚೇಂಬರ್ ಶಾಖ ನುಂಗೂದಿಲ್ಲ, ಚಿಪ್ಪಿನ ಹತ್ತಿರದ್ದನ್ನ ಮೈತುಂಬ ಹಂಚ್ತೈತಿ, ಅಷ್ಟ. ಹೊರಗಿನ ಗಾಳಿನ 41 ಇದ್ರ ಹಂಚಿದ ಶಾಖ ಎಲ್ಲಿಗೆ ಹೋಗಬೇಕು? ಆವಾಗ ಫೋನು ತನ್ನ ಜೀವ ತಾನ ಕಾಯ್ಕೋತೈತಿ: ಸ್ಕ್ರೀನ್ ಬೆಳಕು ಇಳಸ್ತೈತಿ, ಚಿಪ್ಪಿನ ವೇಗ ತಗ್ಗಸ್ತೈತಿ, ಚಾರ್ಜಿಂಗ್ ನಿಧಾನ ಮಾಡ್ತೈತಿ, ಕಡೀಕ ಕ್ಯಾಮೆರಾನೂ ಬಂದ್ ಮಾಡ್ತೈತಿ. "ಇಷ್ಟು ರೊಕ್ಕ ಕೊಟ್ರೂ ಬಿಸಲಾಗ ಡಿಮ್ ಆಗ್ತೈತಲ್ರೀ" ಅನ್ನೋ ತಕರಾರಿನ ಕಾರಣ ಇದ. ಪೀಸ್ ಕೆಟ್ಟೈತಿ ಅಂತಲ್ಲ. ಹಂಗಾದಾಗ ಕವರ್ ತಗೀರಿ, ಹಾಟ್‌ಸ್ಪಾಟ್ ಬಂದ್ ಮಾಡ್ರಿ, ಫ್ಯಾನಿನ ಕೆಳಗ ಇಡ್ರಿ. ಫ್ರಿಜ್ಜಿನಾಗ ಇಡಬ್ಯಾಡ್ರಿ, ಒಳಗ ನೀರಿನ ಪಸೆ ಕೂಡ್ತೈತಿ. ಹಳ್ಳಿ ಕಡೆ 5ಜಿ ಸಿಗ್ನಲ್ ಬಂದು ಹೋಗಿ ಮಾಡೋ ಜಾಗದಾಗ ನೆಟ್‌ವರ್ಕ್ 4ಜಿಗೆ ಇಟ್ರೂ ಬಿಸಿ ಕಡಿಮಿ ಆಗ್ತೈತಿ. ದೂರದ ಟವರ್ ಹುಡುಕೋದ್ರಾಗನ ಬ್ಯಾಟರಿ ಸುಡ್ತಿರ್ತೈತಿ.

2600 ನಿಟ್ಸ್ (ಸ್ಕ್ರೀನ್ ಬೆಳಕಿನ ಅಳತಿ) ಅಂತ ಜಾಹೀರಾತು. ಅದು ಆಟೋ ಬ್ರೈಟ್‌ನೆಸ್ ಇದ್ದಾಗ, ಬಿಸಲಾಗ, ಸ್ವಲ್ಪ ಹೊತ್ತಿಗೆ ಸಿಗೋ ಗರಿಷ್ಠ. ಬಿಸಲಾಗ ಖರೇ ಕೆಲಸಕ್ಕ ಬರೋದು ಮ್ಯಾಲಿನ ಗೊರಿಲ್ಲಾ ಆರ್ಮರ್ 2 ಗಾಜು. ಇದು ಪ್ರತಿಬಿಂಬ ಅಡಗಿಸ್ತೈತಿ. ಅಂಗಡಿಯಾಗ ಸ್ಕ್ರೀನ್ ಬಂದ್ ಮಾಡಿ ಟ್ಯೂಬ್‌ಲೈಟಿನ ಕೆಳಗ ಹಿಡಿದು ನೋಡ್ರಿ. ಬ್ಯಾರೆ ಫೋನಿನಾಗ ಟ್ಯೂಬು ಬೆಳ್ಳಗ ಗೆರಿ ಎಳೆದಂಗ ಕಾಣ್ತೈತಿ, ಇದರಾಗ ಮಬ್ಬಾಗಿ ಕಾಣ್ತೈತಿ. ನಮ್ಮವರು ಮಾಡೋದೇನು? ಬಿಲ್ ಹರಿಯೋದರೊಳಗ ಬಾಜೂ ಅಂಗಡಿಗೆ ಹೋಗಿ 300 ರೂಪಾಯಿ ಟೆಂಪರ್ಡ್ ಗ್ಲಾಸ್ ಹಚ್ಚಸ್ತಾರ. ಮುಗೀತು. ಮ್ಯಾಲಿನ ಸಾದಾ ಗಾಜು ಟ್ಯೂಬನ್ನ ಮತ್ತ ಬೆಳ್ಳಗ ತೋರಸ್ತೈತಿ, ರೊಕ್ಕ ಕೊಟ್ಟ ಗುಣಾನ ಮುಚ್ಚಿಹೋಗ್ತೈತಿ. ಬೆರಳಚ್ಚಿನ ಸೆನ್ಸರ್ ಅಲ್ಟ್ರಾಸಾನಿಕ್ ಇರೋದ್ರಿಂದ ದಪ್ಪ ಗಾಜಿನ ಕೆಳಗ ಒಮ್ಮೆ ಓದ್ತೈತಿ, ಒಮ್ಮೆ ಓದೂದಿಲ್ಲ. ಯುವಿ ಅಂಟಿನ ಗ್ಲಾಸ್ ಹಚ್ಚೋವಾಗ ಅಂಟು ಹರಿದು ಇಯರ್‌ಪೀಸ್ ಜಾಳಗಿಯೊಳಗ ಇಳೀತಂದ್ರ ಮಾತು ಗುಹೆಯೊಳಗಿಂದ ಬಂದಂಗ ಕೇಳ್ತೈತಿ. ಏನರ ಹಚ್ಚಲೇಬೇಕಂದ್ರ ಆ್ಯಂಟಿ-ರಿಫ್ಲೆಕ್ಟಿವ್ ಅಂತ ಬರೆದ ತೆಳು ಫಿಲ್ಮ್ ಹಚ್ರಿ, ಹಚ್ಚಿದ ಮ್ಯಾಲ ಹಳೆ ಬೆರಳಚ್ಚು ಅಳಿಸಿ ಹೊಸದಾಗಿ ಕೊಡ್ರಿ.

ಇನ್ನ ಚಾರ್ಜರ್. ಡಬ್ಬಿಯಾಗ ಕೇಬಲ್ ಅಷ್ಟ ಬರ್ತೈತಿ. ಮನಿಯಾಗ 67 ವ್ಯಾಟ್, 80 ವ್ಯಾಟ್ ಅಂತ ಬರೆದ ಬ್ಯಾರೆ ಕಂಪನಿ ಚಾರ್ಜರ್ ಇರ್ತೈತಿ, ಅದನ್ನ ಹಚ್ಚಿ "45 ವ್ಯಾಟಿನ ಫೋನು ಎರಡು ತಾಸು ತಗೋತೈತಿ" ಅಂತ ಬೈತಾರ. ಆ ದೊಡ್ಡ ಅಂಕಿ ಆ ಕಂಪನಿ ಫೋನಿಗೆ ಮಾತ್ರ. ಸ್ಯಾಮ್‌ಸಂಗ್‌ಗೆ ಬೇಕಾದ್ದು ಯುಎಸ್‌ಬಿ ಪಿಡಿ ಜೋಡಿ ಪಿಪಿಎಸ್ (ಫೋನಿಗೆ ತಕ್ಕಂಗ ಕರೆಂಟ್ ಹೊಂದಸೋ ಪದ್ಧತಿಗಳು) ಇರೋ 45 ವ್ಯಾಟ್ ಅಡಾಪ್ಟರು, 5 ಆ್ಯಂಪಿಯರಿನ ಸಿ-ಟು-ಸಿ ಕೇಬಲ್ಲು. ಎರಡರಾಗ ಒಂದು ತಪ್ಪಿದ್ರೂ ವೇಗ ಇಳೀತೈತಿ. ಗುರ್ತು ಹಿಡಿಯೋದು ಸರಳ: ಹಚ್ಚಿದ ತಕ್ಷಣ ಸ್ಕ್ರೀನಿನ ಮ್ಯಾಲ "ಸೂಪರ್ ಫಾಸ್ಟ್ ಚಾರ್ಜಿಂಗ್ 2.0" ಅಂತ ಬಂದ್ರ 45. ಬರೇ "ಸೂಪರ್ ಫಾಸ್ಟ್" ಅಂದ್ರ 25. "ಫಾಸ್ಟ್" ಅಷ್ಟ ಇದ್ರ 15. ಎಲ್ಲಾ ಸರಿ ಇದ್ದಾಗ ಅರ್ಧ ತಾಸಿನಾಗ ಸುಮಾರು ಶೇ. 65 ತುಂಬ್ತೈತಿ, ಉಳಿದದ್ದು ಬೇಕಂತನ ನಿಧಾನ. 5000 ಎಂಎಎಚ್ ಬ್ಯಾಟರಿನೂ 45 ವ್ಯಾಟೂ ಎಸ್22 ಅಲ್ಟ್ರಾದಿಂದ ಹಂಗ ಕುಂತಾವ. ವಿಮರ್ಶಕರು ಇದಕ್ಕ ಬೈದದ್ದು ತಪ್ಪಲ್ಲ.

ಆದ್ರ ನಮ್ಮ ಹವಾಕ್ಕ ವೇಗಕ್ಕಿಂತ ಆಯುಷ್ಯ ದೊಡ್ಡದು. ಲಿಥಿಯಂ ಬ್ಯಾಟರಿ ಬೇಗ ಮುದುಕ ಆಗೋದು ಮುಖ್ಯವಾಗಿ ಎರಡು ಕಾರಣಕ್ಕ: ಬಿಸಿ, ಮತ್ತ ಶೇ. 100 ತುಂಬಿಕೊಂಡು ಕೂಡೋದು. ಎರಡೂ ಕೂಡಿದ್ರ ವರ್ಷ ಎರಡು ವರ್ಷದಾಗ ಬ್ಯಾಟರಿ ಸೋತೋಗ್ತೈತಿ. ಬ್ಯಾಸಗಿಗೆ ಸೆಟ್ಟಿಂಗ್ಸ್‌ನಾಗ ಬ್ಯಾಟರಿ, ಅದರೊಳಗ ಬ್ಯಾಟರಿ ಪ್ರೊಟೆಕ್ಷನ್, ಅಲ್ಲಿ ಮ್ಯಾಕ್ಸಿಮಮ್ ಆರಿಸಿ ಶೇ. 80ಕ್ಕ ನಿಲ್ಲಸ್ರಿ. ರಾತ್ರಿ ಹಚ್ಚಿ ಮಲಗೋರು ಫಾಸ್ಟ್ ಚಾರ್ಜಿಂಗ್ ಬಂದ್ ಇಡ್ರಿ, ಹಾಸಗಿ ಮ್ಯಾಲ ಇಡಬ್ಯಾಡ್ರಿ. 7 ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಕಂಪನಿ ಹೇಳೈತಿ, ಅಷ್ಟು ವರ್ಷ ಬ್ಯಾಟರಿ ಬಾಳಬೇಕಲ್ಲ.

ಕ್ಯಾಮೆರಾಕ್ಕ ಬರೋಣ. 200 ಮೆಗಾಪಿಕ್ಸೆಲ್ ಇದ್ರೂ ಫೋನು ತಾನಾಗಿ 16 ಪಿಕ್ಸೆಲ್ ಕೂಡಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಚಿತ್ರ ಕೊಡ್ತೈತಿ. ಅದ ಸರಿ. ಪೂರ್ತಿ 200 ಬೇಕಾಗೋದು ಒಳ್ಳೆ ಬೆಳಕಿನಾಗ ಅಲುಗದ ವಸ್ತುವಿಗೆ, ಪಟ್ಟದಕಲ್ಲಿನ ಗೋಡಿ ಕೆತ್ತನಿಯಂಥದ್ದಕ್ಕ. ಗೋಲ್‌ಗುಂಬಜ್ ಒಳಗಿನ ಮಬ್ಬಿನಾಗ 200 ಹಾಕಿದ್ರ ಕಾಳು ಕಾಳು ಬರ್ತೈತಿ. ಅಲ್ಲಿ ಲಾಭ ಕಾಣೋದು ಅಲ್ಟ್ರಾವೈಡ್‌ನಾಗ. ಹಿಂದಿನ 12 ಈಗ 50 ಮೆಗಾಪಿಕ್ಸೆಲ್ ಆಗೈತಿ, ಗುಮ್ಮಟದ ಅಂಚು ಮೊದಲಿನಂಗ ಕಲಸಿಹೋಗೂದಿಲ್ಲ. ಬಾದಾಮಿ ಗುಹೆ ಮೆಟ್ಟಲದಾಗ ನಿಂತು ಅಗಸ್ತ್ಯ ತೀರ್ಥದ ಆಚೆ ಭೂತನಾಥ ಗುಡಿ ಹಿಡೀಲಿಕ್ಕೆ 5 ಪಟ್ಟಿನ ಲೆನ್ಸ್ ಹೇಳಿ ಮಾಡಿಸಿದಂಗ ಐತಿ. ಸೂರ್ಯ ಇಳಿದ ಮ್ಯಾಲ ಮಾತ್ರ ಹುಷಾರ್. ಅದರ ಬಾಯಿ ಎಫ್/3.4, ಬೆಳಕು ಕಡಿಮಿ ಕುಡೀತೈತಿ. ಸಾಲಲಿಲ್ಲಂದ್ರ ಫೋನು ಹೇಳದ ಕೇಳದ ಮುಖ್ಯ ಕ್ಯಾಮೆರಾದ ಚಿತ್ರಾನ ಕತ್ತರಿಸಿ ಹಿಗ್ಗಿಸ್ತೈತಿ. 5ಎಕ್ಸ್ ಒತ್ತಿ ಆ ಲೆನ್ಸಿಗೆ ಬೆರಳು ಮುಚ್ಚಿ ನೋಡ್ರಿ. ಸ್ಕ್ರೀನ್ ಕಪ್ಪಾಗ್ಲಿಲ್ಲಂದ್ರ ಆ ಲೆನ್ಸ್ ಕೆಲಸ ಮಾಡ್ತಿಲ್ಲ ಅಂತನ ಲೆಕ್ಕ. ಮೆಮೊರಿ ಕಾರ್ಡಿಗೆ ಜಾಗ ಇಲ್ಲ, 8ಕೆ ವಿಡಿಯೋ ನಿಮಿಷಕ್ಕ ಸುಮಾರು 600 ಎಂಬಿ ತಿಂತೈತಿ. ಮದುವಿ, ಜಾತ್ರಿ ಶೂಟ್ ಮಾಡೋರಿಗೆ 256 ಜಿಬಿ ಸಾಲೂದಿಲ್ಲ.

ಬೈಕಿನ ಹ್ಯಾಂಡಲ್ಲಿಗೆ ಸಿಗಸಿ ಮ್ಯಾಪ್ ನೋಡೋರು ಕೇಳ್ರಿ. ಲೆನ್ಸು ಅಲುಗಾಟ ತಡೀಲಿಕ್ಕೆ ಒಳಗ ತೇಲ್ತಿರ್ತೈತಿ, ಎಂಜಿನ್ನಿನ ನಡುಕ ದಿನಾ ಬಿದ್ರ ಫೋಕಸ್ ಹಾಳಾಗ್ತೈತಿ. ಆ್ಯಪಲ್ 2021ರಾಗ ತನ್ನ ಫೋನುಗಳ ಬಗ್ಗೆ ಇದನ್ನ ಬಹಿರಂಗ ಹೇಳೈತಿ. ತತ್ವ ಎಲ್ಲಾ ಫೋನಿಗೂ ಒಂದ. ರಬಕವಿ-ಬನಹಟ್ಟಿ ಕಡೆ ಮಗ್ಗದ ಶೆಡ್ಡಿನಾಗ ಇರೋರ ಫೋನಿಗೆ ಬ್ಯಾರೆ ರೋಗ: ಚಾರ್ಜಿಂಗ್ ಬಾಯಿಯಾಗ ಹತ್ತಿ ಎಳಿ ತುರುಕಿ ಕೇಬಲ್ ಪೂರ್ತಿ ಕೂಡೂದಿಲ್ಲ. ಫೋನ್ ಆಫ್ ಮಾಡಿ ಕಟ್ಟಿಗೆ ಟೂತ್‌ಪಿಕ್ಕಿಂದ ತಗೀರಿ, ಪಿನ್ನು ಸೂಜಿ ಬ್ಯಾಡ. ಬೆಳಗಾವಿ ಮಳಿಗೆ ಐಪಿ68 (ನೀರು, ದೂಳು ತಡಿಯೋ ದರ್ಜೆ) ಸಾಕು, ಆದ್ರ ನೀರು ಹೊಕ್ಕು ಕೆಟ್ರ ವಾರಂಟಿ ಇಲ್ಲ.

ಜನ ಸಿಟ್ಟಾದದ್ದು ಎಸ್ ಪೆನ್ನಿಗೆ, ಅಂದ್ರ ಸ್ಕ್ರೀನಿನ ಮ್ಯಾಲ ಬರಿಯೋ, ಫೋನಿನ ಜೋಡಿ ಬರೋ ಪೆನ್ನಿಗೆ. ಬ್ಲೂಟೂತ್ ತಗದುಬಿಟ್ಟಾರ, ದೂರ ನಿಂತು ಪೆನ್ನಿನ ಬಟನ್ ಒತ್ತಿ ಫೋಟೋ ಹೊಡಿಯೋದು ಹೋತು. ಬರಿಯೋದು ಮೊದಲಿನಂಗ ಐತಿ, ಅದಕ್ಕ ಬ್ಯಾಟರಿನ ಬ್ಯಾಡ. ಮ್ಯಾಗ್ನೆಟ್ ಉಂಗುರದ ಕವರ್ ಹಾಕಿದ್ರ ಮಾತ್ರ ಆ ಉಂಗುರದ ಜಾಗದಾಗ ಪೆನ್ನು ಗೆರಿ ತಪ್ಪಸ್ತೈತಿ.

ಎಐ ಬಗ್ಗೆ ಎರಡ ಮಾತು. ಸೈಡ್ ಬಟನ್ ಒತ್ತಿ ಹಿಡಿದ್ರ ಗೂಗಲ್‌ನ ಎಐ ಸಹಾಯಕ ಜೆಮಿನೈ ಬರ್ತೈತಿ, ಕನ್ನಡದಾಗ ಮಾತಾಡಬಹುದು. ಆದ್ರ ಅದು ಸಾದಾ ಆಂಡ್ರಾಯ್ಡ್ ಫೋನಿನಾಗೂ ಸಿಗ್ತೈತಿ, ಅದಕ್ಕ ಲಕ್ಷ ಯಾಕ? ಸ್ಯಾಮ್‌ಸಂಗ್‌ನ ಸ್ವಂತದ್ದಾದ ಗ್ಯಾಲಕ್ಸಿ ಎಐ 2024ರಾಗ ಶುರುವಾದಾಗ 13 ಭಾಷೆ ಇದ್ವು. ಹಿಂದಿ ಇತ್ತು, ಕನ್ನಡ ಇರ್ಲಿಲ್ಲ, ಮರಾಠಿನೂ ಇರ್ಲಿಲ್ಲ. ಫೋನ್ ಮಾತು ಅನುವಾದ ಆಗಬೇಕು ಅಂತ ತಗೊಳ್ಳೋ ಬೆಳಗಾವಿ ವ್ಯಾಪಾರಿಗಳು ಡೆಮೊ ಫೋನಿನಾಗ ಭಾಷೆಗಳ ಪಟ್ಟಿ ತಗದು ನೋಡಿನ ರೊಕ್ಕ ಎಣಸ್ರಿ.

ಬಿಡುಗಡೆ ಬೆಲೆ 256 ಜಿಬಿಗೆ 1,29,999 ರೂಪಾಯಿ. ಎಸ್24 ಅಲ್ಟ್ರಾ ಇದ್ದವರಿಗೆ 14 ಗ್ರಾಂ ಹಗುರ ಆಗೋ ಸಲುವಾಗಿ ಇದು ಬ್ಯಾಡ. ಎಸ್21, ಎಸ್22 ಕಾಲದವರು ತಗೋಬಹುದು. ಪೆನ್ನು, ಝೂಮ್ ಬ್ಯಾಡ ಅನ್ನೋರಿಗೆ ಬಿಡುಗಡೆಯಾದಾಗ 80,999 ಇದ್ದ ಸಾದಾ ಎಸ್25 ಸಾಕು. ಸಾದಾ ಎಸ್24ಕ್ಕ ಭಾರತದಾಗ ಸ್ಯಾಮ್‌ಸಂಗ್‌ನ ಸ್ವಂತ ಚಿಪ್ಪು ಎಕ್ಸಿನೋಸ್ ಹಾಕಿದ್ರು, ಎಸ್25ಕ್ಕ ಸ್ನ್ಯಾಪ್‌ಡ್ರಾಗನ್ನ ಕೊಟ್ಟಾರ. ಯಾವ ಚಿಪ್ಪು ಅನ್ನೋ ಆ ಹಳೆ ಜಗಳ ಎಸ್25ರಾಗ ಇಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು *#06# ಒತ್ತಿ ಐಎಂಇಐ (ಫೋನಿನ ಗುರ್ತಿನ ಸಂಖ್ಯೆ) ನೋಡ್ರಿ, ಕಳುವಿನ ಫೋನೇನು ಅಂತ ತಿಳೀಲಿಕ್ಕೆ ಇಂಗ್ಲಿಷ್‌ನಾಗ ಕೆವೈಎಂ ಅಂತ ಹೊಡೆದು ಜಾಗ ಬಿಟ್ಟು ಆ 15 ಅಂಕಿ ಬರೆದು 14422ಕ್ಕ ಮೆಸೇಜ್ ಹಾಕ್ರಿ. ಆಮ್ಯಾಲ *#0*# ಒತ್ತಿ ಪರೀಕ್ಷೆಗಳ ಪಟ್ಟಿ ತಗೀರಿ. ಕೆಂಪು, ಹಸಿರು, ನೀಲಿ ಒಂದೊಂದಾಗಿ ಸ್ಕ್ರೀನ್ ತುಂಬ ತೋರಿಸಿ ಕಲೆ, ಗೆರಿ ಐತೇನು ನೋಡ್ರಿ. ಟಚ್ ಪರೀಕ್ಷೆಯಾಗ ಮೂಲಿ ಮೂಲಿಗೂ ಬೆರಳು ಎಳೀರಿ. ಕಡೀಕ ಪೆನ್ನು ತಗದು ಅದರದೂ ಪರೀಕ್ಷೆ ಮಾಡ್ರಿ.